ಪಟ್ಟಿಯಿಂದ ಪುಸ್ತಕಕ್ಕೆ: ಎ. ರೇವತಿಯವರ ಬದುಕು ಮತ್ತು ಬರಹ



ಬೆಂಗಳೂರಿನ ಪೀಣ್ಯದ ಕಾರ್ಖಾನೆಗಳಲ್ಲಿ ದುಡಿದ ಹಿರಿಯರೊಬ್ಬರ ನೆನಪಿಗೆ ಇಟ್ಟ ದತ್ತಿಯ ಉಪನ್ಯಾಸ ಇದು. ದುಡಿಯುವವರ ನಡುವೆ ಒಬ್ಬ ಲೇಖಕರ ಬದುಕು, ಬರಹದ ಮಾತು ನಡೆಯಬೇಕೆಂಬುದು ಅದರ ಆಶಯ. ಆ ಆಶಯಕ್ಕೆ ತಕ್ಕವರೆಂದು ನಾನು ಎ. ರೇವತಿಯವರನ್ನು ಆರಿಸಿಕೊಂಡಿದ್ದೇನೆ. ತಮಿಳುನಾಡಿನ ನಾಮಕ್ಕಲ್ ಸೀಮೆಯ ಒಂದು ಹಳ್ಳಿಯಲ್ಲಿ ಗಂಡುಮಗುವೆಂದು ಹೆಸರಿಡಿಸಿಕೊಂಡು ಬೆಳೆದವರು ಅವರು. ತಾನು ಹೆಣ್ಣು ಎಂದು ಕಂಡುಕೊಂಡು, ಹಿಜ್ರಾ ಸಮುದಾಯ ಸೇರಿ, ದೆಹಲಿ, ಮುಂಬೈ ಸುತ್ತಿ ಬಂದು, ಬೆಂಗಳೂರಿನಲ್ಲಿ ಹೋರಾಟಗಾರ್ತಿಯಾದರು, ಲೇಖಕಿಯಾದರು. ಅವರು ಬರೆಯುವ ಭಾಷೆ ತಮಿಳು. ಆದರೆ ಬರೆಯುವ ಛಲ ಅವರಲ್ಲಿ ಗಟ್ಟಿಯಾದದ್ದು ನಮ್ಮ ಊರಿನಲ್ಲಿ. ದು. ಸರಸ್ವತಿಯವರ ಅನುವಾದದಲ್ಲಿ 'ಬದುಕು ಬಯಲು' ಆಗಿ ಬಂದ ಮೇಲೆ ಅವರ ಆತ್ಮಕಥೆ ಕನ್ನಡದ್ದೂ ಆಗಿದೆ.

ನಾನು ಇಂದು ಹೇಳಬೇಕಾದ ಮಾತು ಒಂದೇ. ಜಾತಿ ನೋಡಿ, ಮೈಬಣ್ಣ ನೋಡಿ, ಹುಟ್ಟು ನೋಡಿ ಮನುಷ್ಯರನ್ನು ಹೀಗಳೆಯುವ ಬುದ್ಧಿಗೂ, ಯಾರು ಯಾರನ್ನು ಬಯಸುತ್ತಾರೆ, ಯಾರು ಸೀರೆ ಉಡುತ್ತಾರೆ ಎಂದು ನೋಡಿ ಹೊಡೆಯುವ ಬುದ್ಧಿಗೂ ಬೇರು ಒಂದೇ. ಎರಡೂ ಮನುಷ್ಯರನ್ನು ಪಟ್ಟಿ ಮಾಡುತ್ತವೆ. ಪಟ್ಟಿಗೆ ಸೇರಿದವರಿಗೆ ಅಪ್ಪ ಅಮ್ಮ ಇರುವುದಿಲ್ಲ, ಕಸುಬು ಇರುವುದಿಲ್ಲ, ಇಷ್ಟಾನಿಷ್ಟ ಇರುವುದಿಲ್ಲ. ಇರುವುದು ಒಂದು ಹೆಸರು, ಅದರ ಮುಂದೆ ಒಂದು ಗುರುತು. ಬೇರೆಯವರು ಬರೆದ ಆ ಒಂದು ಸಾಲಿಗೆ ರೇವತಿ ತಾವೇ ಬರೆದ ಇಡೀ ಪುಸ್ತಕವನ್ನು ಉತ್ತರವಾಗಿ ಕೊಟ್ಟರು. ಅವರ ಸಾಧನೆಯನ್ನು ನಾನು ಅಳೆಯುವುದು ಇದರಿಂದಲೇ.

ಒಂದೇ ಕಾಯ್ದೆಯ ಎರಡು ಭಾಗ

ಪಟ್ಟಿ ಎಂದು ನಾನು ಅಲಂಕಾರಕ್ಕೆ ಹೇಳುತ್ತಿಲ್ಲ. 1871ರಲ್ಲಿ ಬ್ರಿಟಿಷ್ ಸರ್ಕಾರ 'ಕ್ರಿಮಿನಲ್ ಟ್ರೈಬ್ಸ್ ಆಕ್ಟ್' ತಂದಿತು. ಅದರ ಮೊದಲ ಭಾಗ ಕೆಲವು ಅಲೆಮಾರಿ ಸಮುದಾಯಗಳನ್ನು ಹುಟ್ಟಿನಿಂದಲೇ ಅಪರಾಧಿಗಳೆಂದು ಘೋಷಿಸುವ ಅಧಿಕಾರ ಕೊಟ್ಟಿತು. ಬಡಗಿಯ ಮಗ ಬಡಗಿಯಾದಂತೆ ಕಳ್ಳನ ಮಗ ಕಳ್ಳನೇ ಆಗುತ್ತಾನೆ ಎಂಬುದು ಅದರ ಹಿಂದಿದ್ದ ತರ್ಕ. ನಮ್ಮ ಜಾತಿಪದ್ಧತಿಯೂ ಅವರ ಜನಾಂಗಭೇದವೂ ಅಲ್ಲಿ ಕೈ ಜೋಡಿಸಿದವು. ಅದೇ ಕಾಯ್ದೆಯ ಎರಡನೆಯ ಭಾಗ ಇದ್ದದ್ದು ಹಿಜ್ರಾ ಜನರ ಮೇಲೆ. ಮಕ್ಕಳನ್ನು ಕದಿಯುತ್ತಾರೆ, ಸಲಿಂಗ ಸಂಬಂಧವನ್ನು ಅಪರಾಧವೆಂದ ದಂಡಸಂಹಿತೆಯ 377ನೇ ಕಲಮಿನ ಅಪರಾಧ ಮಾಡುತ್ತಾರೆ ಎಂದು ಅನುಮಾನ ಬಂದವರ ಹೆಸರು, ವಿಳಾಸ, ಆಸ್ತಿಯನ್ನು ಪೊಲೀಸರು ರಿಜಿಸ್ಟರಿನಲ್ಲಿ ಬರೆದಿಡಬೇಕಿತ್ತು. ಹಾಗೆ ಹೆಸರು ಬರೆಸಿಕೊಂಡವರು ಹೆಣ್ಣುಡುಗೆ ತೊಟ್ಟು, ಒಡವೆ ಹಾಕಿಕೊಂಡು ಬೀದಿಗೆ ಬರುವಂತಿರಲಿಲ್ಲ. ಸಾರ್ವಜನಿಕವಾಗಿ ಕುಣಿಯುವಂತಿರಲಿಲ್ಲ, ವಾದ್ಯ ನುಡಿಸುವಂತಿರಲಿಲ್ಲ. ಮೀರಿದರೆ ಎರಡು ವರ್ಷದವರೆಗೆ ಜೈಲು. ಅವರು ಬರೆದ ಉಯಿಲಿಗೆ ಬೆಲೆಯಿಲ್ಲ, ದಾನಪತ್ರಕ್ಕೆ ಬೆಲೆಯಿಲ್ಲ. ಮಗುವನ್ನು ದತ್ತು ಪಡೆಯುವ ಹಕ್ಕೂ ಇಲ್ಲ.

ಆ ಕಾಯ್ದೆ ಮೊದಲು ಜಾರಿಯಾದದ್ದು ಉತ್ತರದ ಪ್ರಾಂತ್ಯಗಳಲ್ಲಿ. ಹುಟ್ಟಿನಿಂದ ಅಪರಾಧಿ ಎನ್ನುವ ಭಾಗ ಮುಂದೆ ಮದ್ರಾಸ್, ಮುಂಬೈ ಪ್ರಾಂತ್ಯಗಳಿಗೂ ಹಬ್ಬಿ ಕೊರವ, ಕೊರಚ, ಕೊರಮರಂಥ ಸಮುದಾಯಗಳನ್ನು ಹಿಡಿಯಿತು. ಹುಬ್ಬಳ್ಳಿಯಲ್ಲಿ ತಂತಿಬೇಲಿಯೊಳಗೆ ಅವರನ್ನು ಇರಿಸಿದ್ದ ಜಾಗವನ್ನು ಊರವರು ಈಗಲೂ ಸೆಟ್ಲ್‌ಮೆಂಟ್ ಎಂದೇ ಕರೆಯುತ್ತಾರೆ. ಎರಡನೆಯ ಭಾಗದ ಮಾದರಿಯಲ್ಲಿ ಹೈದರಾಬಾದ್ ಸಂಸ್ಥಾನ 1919ರಲ್ಲಿ ತನ್ನದೇ ಕಾಯ್ದೆ ತಂದಿತು. ಇಂದಿನ ಕಲಬುರಗಿ, ಬೀದರ್, ರಾಯಚೂರು ಆಗ ನಿಜಾಮರ ಆಳ್ವಿಕೆಯಲ್ಲಿದ್ದವು.

1952ರಲ್ಲಿ ಆ ಕಾಯ್ದೆ ದೇಶದಿಂದ ಹೋಯಿತು, ಬುದ್ಧಿ ಹೋಗಲಿಲ್ಲ. 1871 ಆಗಿ 140 ವರ್ಷಕ್ಕೆ, 2011ರಲ್ಲಿ, ಕರ್ನಾಟಕ ಪೊಲೀಸ್ ಕಾಯ್ದೆಗೆ 36ಎ ಎಂಬ ಹೊಸ ಕಲಮು ಸೇರಿತು. ಹಿಜ್ರಾ ಜನರ ಹೆಸರು, ವಾಸದ ಜಾಗವನ್ನು ರಿಜಿಸ್ಟರಿನಲ್ಲಿ ಬರೆದಿಡಲು ಅದು ಪೊಲೀಸರಿಗೆ ಅವಕಾಶ ಕೊಟ್ಟಿತು. ಮಕ್ಕಳನ್ನು ಕದಿಯುವ ಅನುಮಾನದ ಮಾತೂ ಹಾಗೆಯೇ ಅದರಲ್ಲಿ ಬಂದು ಕೂತಿತ್ತು. ಸಮುದಾಯದವರು ಹೈಕೋರ್ಟಿಗೆ ಹೋದ ಮೇಲೆ ಅವರನ್ನೇ ಗುರಿ ಮಾಡಿದ್ದ ಪದವನ್ನು ಸರ್ಕಾರ ತಿದ್ದಿತು. ಈ ಹಿನ್ನೆಲೆ ಗೊತ್ತಿದ್ದರೆ ರೇವತಿಯವರ ಪುಸ್ತಕದ ತೂಕ ತಿಳಿಯುತ್ತದೆ. ಪೊಲೀಸರ ರಿಜಿಸ್ಟರಿನಲ್ಲಿ ಮಾತ್ರ ಹೆಸರು ಕಾಣುತ್ತಿದ್ದ ಸಮುದಾಯದ ಒಬ್ಬ ಹೆಣ್ಣುಮಗಳು, ತನ್ನ ಹೆಸರನ್ನು ತಾನೇ ಆರಿಸಿಕೊಂಡು, ಅದನ್ನು ಪುಸ್ತಕದ ರಕ್ಷಾಪುಟದ ಮೇಲೆ ಅಚ್ಚು ಹಾಕಿಸಿದರು.

ಮಾರಿಹಬ್ಬದ ಕೊರವಂಜಿ

ನಾಮಕ್ಕಲ್ ಪೀಣ್ಯದವರಿಗೆ ಹೊಸ ಹೆಸರೇನಲ್ಲ. ತುಮಕೂರು ರಸ್ತೆಯಲ್ಲಿ ಸಾಲುಗಟ್ಟಿ ನಿಲ್ಲುವ ಲಾರಿಗಳಲ್ಲಿ ಎಷ್ಟೋ ಅಲ್ಲಿಂದ ಬಂದವು, ಅಲ್ಲಿ ಬಾಡಿ ಕಟ್ಟಿಸಿಕೊಂಡವು. ರೇವತಿಯವರ ಮನೆಯವರೂ ಲಾರಿ ಕಸುಬಿನವರೇ. ಮನೆಯ ಕೊನೆಯ ಮಗು. ಅಂಗಳ ಗುಡಿಸಿ ರಂಗೋಲಿ ಹಾಕುವುದು, ಪಾತ್ರೆ ತಿಕ್ಕುವುದು, ಹುಡುಗಿಯರ ಜೊತೆ ಆಡುವುದು ಆ ಮಗುವಿಗೆ ಇಷ್ಟ. ಮನೆಯಲ್ಲಿ ಯಾರೂ ಇಲ್ಲದಾಗ ಅಕ್ಕನ ಲಂಗ ತೊಟ್ಟು ಕನ್ನಡಿಯ ಮುಂದೆ ನಿಲ್ಲುವುದು ಇನ್ನೂ ಇಷ್ಟ. ಶಾಲೆಯಲ್ಲಿ ಹುಡುಗರ ಗೇಲಿ, ಮೇಷ್ಟ್ರ ಬೆತ್ತ. ಗಂಡಸಿನ ಹಾಗೆ ನಡೆ, ಗಂಡಸಿನ ಹಾಗೆ ಮಾತಾಡು ಎಂದು ಮನೆಯಲ್ಲಿ ಗದರಿಕೆ.

ಊರಿನ ಮಾರಿಯಮ್ಮನ ಹಬ್ಬದಲ್ಲಿ ಗಂಡಸರು ಹರಕೆಗೆ ವೇಷ ಕಟ್ಟುವ ಪದ್ಧತಿಯಿತ್ತು. ಈ ಹುಡುಗ ಕೊರವಂಜಿಯ ವೇಷ ಹಾಕಿದ. ಸೀರೆ, ಬಳೆ, ಹೂವು. ಊರಿಗೆ ಊರೇ ನೋಡಿ ಎಷ್ಟು ಚೆನ್ನಾಗಿ ಒಪ್ಪುತ್ತದೆ ಎಂದು ಹೊಗಳಿತು. ಅವರೆಲ್ಲ ವೇಷ ಎಂದುಕೊಂಡದ್ದು ತನ್ನ ನಿಜವಾದ ರೂಪವೆಂದು ಆ ಮಗುವಿಗೆ ಅನ್ನಿಸಿತು. ಹಬ್ಬ ಮುಗಿದು ಸೀರೆ ಬಿಚ್ಚಿದಾಗಲೇ ವೇಷ ಹಾಕಿಕೊಂಡಂತಾಯಿತು.

ಆತ್ಮಕಥೆಯಲ್ಲಿ ಇದು ಬಹು ದೊಡ್ಡ ಗಳಿಗೆ. ಓದುವಾಗ ನನಗೆ ಇನ್ನೊಂದು ಸಂಗತಿಯೂ ಕಾಣುತ್ತದೆ. ಮದ್ರಾಸ್ ಪ್ರಾಂತ್ಯದ ಸರ್ಕಾರ ಹುಟ್ಟು ಅಪರಾಧಿಗಳೆಂದು ಪಟ್ಟಿ ಮಾಡಿದ್ದ ಸಮುದಾಯಗಳಲ್ಲಿ ಕೊರವರದೂ ಒಂದು. ಅದೇ ಕೊರವರ ಹೆಣ್ಣು ದೇವರ ಹಬ್ಬದಲ್ಲಿ ಕಣಿ ಹೇಳುವ ಪೂಜ್ಯ ಪಾತ್ರ. ಹೆಣ್ಣುಡುಗೆ ತೊಟ್ಟ ಗಂಡೂ ಹಬ್ಬದ ದಿನ ಹರಕೆ ತೀರಿಸುವ ಭಕ್ತ; ಮಾರನೆಯ ದಿನ ಅದೇ ನಡಿಗೆಗೆ ಕಲ್ಲೇಟು. ಪಟ್ಟಿಗೆ ಸೇರಿದವರಿಗೆ ನಮ್ಮ ಸಮಾಜ ಬಿಟ್ಟುಕೊಡುವ ಜಾಗ ಹಬ್ಬದಲ್ಲಿ, ಆಟದಲ್ಲಿ ಮಾತ್ರ. ಮನೆಯೊಳಗೆ ಕೊಡುವುದಿಲ್ಲ.

ಹತ್ತನೇ ತರಗತಿಗೆ ಓದು ನಿಂತಿತು. ತನ್ನಂಥವರು ಇದ್ದಾರೆ ಎಂದು ತಿಳಿದು ಮನೆ ಬಿಟ್ಟು ದಿಂಡುಕ್ಕಲ್‌ಗೆ, ಅಲ್ಲಿಂದ ದೆಹಲಿಗೆ ಹೋದದ್ದಾಯಿತು. ಅಮ್ಮನಿಗೆ ಹುಷಾರಿಲ್ಲವೆಂಬ ಸುದ್ದಿ ಕೇಳಿ ಊರಿಗೆ ಓಡಿಬಂದಾಗ ಅಣ್ಣ ಕ್ರಿಕೆಟ್ ಬ್ಯಾಟಿನಿಂದ ಹೊಡೆದ. ಬೆಳೆಸಿದ್ದ ಕೂದಲನ್ನು ದೇವರ ಹೆಸರು ಹೇಳಿ ಬೋಳಿಸಿದರು. ರೇವತಿ ಇದನ್ನು ಬರೆಯುವ ರೀತಿ ಗಮನಿಸಬೇಕು. ಅಣ್ಣನನ್ನು ರಾಕ್ಷಸ ಮಾಡುವುದಿಲ್ಲ. ಮಾನ ಹೋಯಿತೆಂದು ಹೆದರಿದ ಮನೆ ಅದು, ಆ ಹೆದರಿಕೆ ಏಟಾಗಿ ತನ್ನ ಮೈಮೇಲೆ ಬಿತ್ತು ಎಂಬುದನ್ನು ಇದ್ದಂತೆ ಹೇಳುತ್ತಾರೆ. ಹೊಡೆದ ಮನೆಗೆ ಅವರು ಮತ್ತೆ ಮತ್ತೆ ಹೋದರು. ದುಡಿದದ್ದರಲ್ಲಿ ಮನೆಗೆ ಕೊಟ್ಟರು. ವಯಸ್ಸಾದ ತಂದೆತಾಯಿಯ ಆರೈಕೆ ಮಾಡಿದರು. ಆಸ್ತಿಯಲ್ಲಿ ತನ್ನ ಪಾಲು ಕೇಳಿದರು. ಮಮತೆಯನ್ನೂ ಬಿಡಲಿಲ್ಲ, ಹಕ್ಕನ್ನೂ ಬಿಡಲಿಲ್ಲ. ಓಡಿಹೋದವರು, ಮನೆಮಠ ಇಲ್ಲದವರು ಎಂದು ಹಿಜ್ರಾ ಜನರ ಬಗ್ಗೆ ಮಾತಾಡುವವರು ಈ ಭಾಗ ಓದಬೇಕು.

ಹಮಾಮಿನಿಂದ ಸಂಗಮಕ್ಕೆ

ಬೆಂಗಳೂರಿನ ಹಮಾಮುಗಳು ಇಲ್ಲಿ ಕೂತಿರುವ ಎಳೆಯರಿಗೆ ಗೊತ್ತಿರಲಾರವು. ನೀರಿಲ್ಲದ ಬಾಡಿಗೆ ಕೋಣೆಗಳ ಗಂಡಸರು, ಹಮಾಲರು, ಡ್ರೈವರುಗಳು ಚಿಲ್ಲರೆ ಕೊಟ್ಟು ಬಿಸಿನೀರಿನ ಸ್ನಾನ ಮಾಡಿಹೋಗುತ್ತಿದ್ದ ಜಾಗಗಳವು. ಕೆಲವನ್ನು ಹಿಜ್ರಾ ಹಿರಿಯರು ನಡೆಸುತ್ತಿದ್ದರು. ಒಳಗೆ ಗುರು ಮತ್ತು ಚೇಲಾಗಳ ಸಂಸಾರ. ಬಾಡಿಗೆಗೆ ಮನೆ ಸಿಗದವರಿಗೆ ಅದೇ ಮನೆ, ಕೆಲಸ ಸಿಗದವರಿಗೆ ಅಲ್ಲೇ ಲೈಂಗಿಕ ವೃತ್ತಿ. ರೇವತಿ ಬೆಂಗಳೂರಿಗೆ ಬಂದು ಇದ್ದದ್ದು ಹಮಾಮಿನಲ್ಲಿ. ರೌಡಿಗಳ ಕಾಟ ಒಂದು ಕಡೆ, ಪೊಲೀಸರ ಕಾಟ ಇನ್ನೊಂದು ಕಡೆ. ಠಾಣೆಯಲ್ಲಿ ಬಟ್ಟೆ ಬಿಚ್ಚಿಸಿ ಮಾಡಿದ ಅವಮಾನವನ್ನು ಅವರು ಮುಚ್ಚಿಡದೆ ಬರೆದಿದ್ದಾರೆ. ಬೆಂಗಳೂರಿನ ಇಂಥ ಹಿಂಸೆಗೆ ಬೇರೆ ಸಾಕ್ಷಿಗಳೂ ಇವೆ. ನಾಗರಿಕ ಹಕ್ಕುಗಳ ಸಂಘಟನೆ ಪಿಯುಸಿಎಲ್‌ನ ಕರ್ನಾಟಕ ಘಟಕ 2003ರಲ್ಲಿ ಈ ಹಿಂಸೆಯ ಮೇಲೆ ಒಂದು ವರದಿ ತಂದಿತು. 2009ರ ಜುಲೈ 2ರಂದು ದೆಹಲಿ ಹೈಕೋರ್ಟು 377ನೇ ಕಲಮಿನ ಬಗ್ಗೆ ತೀರ್ಪು ಕೊಡುವಾಗ ಮುಂದಿಟ್ಟುಕೊಂಡ ನೋವಿನ ಕಥೆಗಳಲ್ಲಿ ಬೆಂಗಳೂರಿನ ಒಬ್ಬ ಹಿಜ್ರಾ ಹೆಣ್ಣುಮಗಳದೂ ಇತ್ತು.

1999ರಲ್ಲಿ ಬೆಂಗಳೂರಿನಲ್ಲಿ 'ಸಂಗಮ' ಎಂಬ ಸಂಸ್ಥೆ ಶುರುವಾಯಿತು. ಲೈಂಗಿಕ ಅಲ್ಪಸಂಖ್ಯಾತರ ಹಕ್ಕಿಗಾಗಿ ಇದ್ದ ಸಂಸ್ಥೆ. ರೇವತಿ ಅಲ್ಲಿಗೆ ಕಚೇರಿ ಸಹಾಯಕಿಯಾಗಿ ಸೇರಿದರು. ತಿಂಗಳ ಸಂಬಳ ಬರುವ ಕೆಲಸ, ಕೂರಲು ಕುರ್ಚಿ, ರೇವತಿ ಎಂದೇ ಹೆಸರು ಹಿಡಿದು ಕರೆಯುವ ಸಹೋದ್ಯೋಗಿಗಳು. ನಮಗೆ ಇದರಲ್ಲಿ ವಿಶೇಷ ಕಾಣದೇ ಇರಬಹುದು. ಭಿಕ್ಷೆ ಇಲ್ಲವೆ ಲೈಂಗಿಕ ವೃತ್ತಿ, ಎರಡೇ ದಾರಿ ಕಂಡಿದ್ದ ಹೆಣ್ಣಿಗೆ ಅದು ಹೊಸ ಹುಟ್ಟು. ಹಮಾಮಿನ ಸಂಪಾದನೆಗೆ ಹೋಲಿಸಿದರೆ ಸಂಬಳ ಕಡಿಮೆಯಾಯಿತು. ಗುರುಮನೆಯ ಅಸಮಾಧಾನವನ್ನೂ ಎದುರಿಸಬೇಕಾಯಿತು. ಆದರೂ ಬಿಡಲಿಲ್ಲ. ಮುಂದೆ ಅದೇ ಸಂಸ್ಥೆಯ ನಿರ್ದೇಶಕಿಯೂ ಆದರು.

ಸಂಗಮದಲ್ಲಿದ್ದಾಗಲೇ ಅವರು ತಮಿಳುನಾಡಿನ ಊರೂರು ತಿರುಗಿ ಹಿಜ್ರಾ ಜನರ ಬದುಕಿನ ಕಥೆಗಳನ್ನು ಕೇಳಿ ಬರೆದುಕೊಂಡರು. 2004ರಲ್ಲಿ ಅದು 'ಉಣರ್ವುಂ ಉರುವಮುಂ' ಎಂಬ ತಮಿಳು ಪುಸ್ತಕವಾಯಿತು. ಈ ಕ್ರಮಕ್ಕೆ ಅರ್ಥವಿದೆ. ಮೊದಲ ಪುಸ್ತಕದಲ್ಲಿ ಅವರು ತಮ್ಮ ಕಥೆ ಹೇಳಲಿಲ್ಲ, ತಮ್ಮವರ ಕಥೆ ಹೇಳಿದರು. ಎಷ್ಟೋ ಮಂದಿ ಬಾಯಿ ಬಿಡಲು ಹೆದರಿದರು. ನಾವೂ ಮಾತಾಡಬಹುದು, ಅದು ಅಚ್ಚಾಗಬಹುದು ಎಂಬ ಧೈರ್ಯ ಬಂದ ಮೇಲೆಯೇ ಸ್ವಂತ ಬದುಕಿಗೆ ಕೈ ಹಾಕಿದರು. ತಮಿಳಿನಲ್ಲಿ ಬರೆದದ್ದನ್ನು ವಿ. ಗೀತಾ ಇಂಗ್ಲಿಷಿಗೆ ತಂದರು. 2010ರಲ್ಲಿ ಪೆಂಗ್ವಿನ್ ಅದನ್ನು 'ದ ಟ್ರೂತ್ ಅಬೌಟ್ ಮಿ' ಎಂದು ಪ್ರಕಟಿಸಿತು. ತಮಿಳಿನ 'ವೆಳ್ಳೈ ಮೊಳಿ' ಅಚ್ಚಾದದ್ದು ಮರುವರ್ಷ.

ಈ ಬರಹದ ಕಸುವು

ಈ ಆತ್ಮಕಥೆಯ ಭಾಷೆ ಸರಳ. ಉಪಮೆಗಳಿಲ್ಲ, ಸಿದ್ಧಾಂತದ ಭಾರವಿಲ್ಲ. ಯಾರು ಬಂದರು, ಏನೆಂದರು, ಎಷ್ಟು ದುಡ್ಡು ಕೊಟ್ಟರು, ಆಮೇಲೆ ಏನಾಯಿತು. ಕಣ್ಣೀರಿನ ಕಥೆ ಬೇಕೆಂದು ಹೋದ ಓದುಗರಿಗೆ ಪುಸ್ತಕ ಬೇರೇನನ್ನೋ ಕೊಡುತ್ತದೆ. ಒಡವೆಯ ಆಸೆ, ಸಿನಿಮಾದ ಹುಚ್ಚು, ಪ್ರೀತಿಸಿದವನಿಗಾಗಿ ಕಾಯುವುದು, ಮದುವೆಯಾಗಿ ಸಂಸಾರ ಮಾಡಬೇಕೆಂಬ ಹಂಬಲ, ಮದುವೆ ಮುರಿದಾಗಿನ ದುಃಖ ಎಲ್ಲ ಇದೆ. ಇಪ್ಪತ್ತರ ಹರೆಯದ ಯಾವ ಹೆಣ್ಣಿಗೂ ಇರುವ ಆಸೆಗಳೇ ಅವು. ಅವನ್ನು ನಾಚಿಕೆಯಿಲ್ಲದೆ ಬರೆದದ್ದೇ ಪಟ್ಟಿಗೆ ಕೊಟ್ಟ ಮೊದಲ ಏಟು. ಪಟ್ಟಿಯಲ್ಲಿ ಅಪರಾಧಿ ಇರಬಹುದು, ನತದೃಷ್ಟ ಇರಬಹುದು. ಆಸೆಗಳಿರುವ ಮನುಷ್ಯೆಗೆ ಅಲ್ಲಿ ಜಾಗ ಇಲ್ಲ.

ಎರಡನೆಯದು, ತಮ್ಮವರ ಬಗ್ಗೆ ಅವರ ನಿಷ್ಠುರತೆ. ಹಿಜ್ರಾ ಸಮುದಾಯ ತಮ್ಮನ್ನು ಕೈಹಿಡಿದು ಕಾಪಾಡಿತು ಎಂಬ ಕೃತಜ್ಞತೆ ಪುಸ್ತಕದ ಉದ್ದಕ್ಕೂ ಇದೆ. ಹಾಗೆಯೇ ಗುರುಮನೆಯ ಕಟ್ಟುಪಾಡು, ದಂಡ, ಚೇಲಾಗಳ ದುಡಿಮೆಯ ಮೇಲಿನ ಹಿಡಿತ, ಒಳಜಗಳ ಎಲ್ಲವೂ ಇವೆ. ಇದನ್ನು ಹೊರಗಿನವರಿಗೆ ಏಕೆ ಹೇಳಬೇಕು, ನಮ್ಮ ಮೇಲೆ ಗೂಬೆ ಕೂರಿಸುವವರಿಗೆ ಅನುಕೂಲ ಆಗುವುದಿಲ್ಲವೇ ಎಂದು ಕೇಳಬಹುದು. ದಲಿತ ಆತ್ಮಕಥೆಗಳಿಗೂ ಇದೇ ಪ್ರಶ್ನೆ ಬಂದಿತ್ತು. ತಮಿಳಿನಲ್ಲಿ 1992ರಲ್ಲಿ ಬಾಮಾ ಅವರ 'ಕರುಕ್ಕು' ಬಂದಿತ್ತು. ಕನ್ನಡದಲ್ಲಿ ಸಿದ್ಧಲಿಂಗಯ್ಯನವರ 'ಊರು ಕೇರಿ', ಅರವಿಂದ ಮಾಲಗತ್ತಿಯವರ 'ಗೌರ್ಮೆಂಟ್ ಬ್ರಾಹ್ಮಣ' ಬಂದಿದ್ದವು. ತನ್ನವರ ತಪ್ಪನ್ನೂ ತಾನೇ ಹೇಳುವ ಅಧಿಕಾರ ಇದ್ದಾಗ ಮಾತ್ರ ಬರಹಗಾರರು ಪೂರಾ ಸ್ವತಂತ್ರರು ಎಂಬುದು ಈ ಎಲ್ಲ ಪುಸ್ತಕಗಳಿಂದ ನಾನು ಕಲಿತ ಪಾಠ. ರೇವತಿಯವರ ಆತ್ಮಕಥೆ ಈ ಸಾಲಿಗೆ ಸೇರಿದ್ದು. ಪೌರಕಾರ್ಮಿಕರ ನಡುವೆ ಕೆಲಸ ಮಾಡಿದ ದಲಿತ, ಸ್ತ್ರೀವಾದಿ ಲೇಖಕಿ ದು. ಸರಸ್ವತಿ ಅದನ್ನು ಕನ್ನಡಕ್ಕೆ ತಂದದ್ದು ಹಾಗಾಗಿ ಬಹಳ ಸಹಜ. ಹೆಗ್ಗೋಡಿನ 'ಜನಮನದಾಟ' ತಂಡ ಎಂ. ಗಣೇಶ ಅವರ ನಿರ್ದೇಶನದಲ್ಲಿ ಅದನ್ನು ನಾಟಕ ಮಾಡಿತು. ಪುಸ್ತಕ ಓದದ ಎಷ್ಟೋ ಊರುಗಳ ಜನ ಈ ಕಥೆಯನ್ನು ರಂಗದ ಮೇಲೆ ಕಂಡರು.

ಮೂರನೆಯದು, ತಮಗಿಂತ ಕಾಣದೆ ಉಳಿದವರ ಕಡೆಗೆ ಅವರು ತಿರುಗಿದ ರೀತಿ. ಹೆಣ್ಣೆಂದು ಹೆಸರಿಡಿಸಿಕೊಂಡು ಗಂಡಾಗಿ ಬದುಕುವವರಿಗೆ ಹಿಜ್ರಾ ಮನೆಗಳಂಥ ಆಸರೆಯೂ ಇಲ್ಲ. ಮನೆಯಿಂದ ಹೊರಬೀಳುವುದೇ ಅವರಿಗೆ ಕಷ್ಟ. ನಂದಿನಿ ಮುರಳಿಯವರ ಜೊತೆಗೂಡಿ 2016ರಲ್ಲಿ ತಂದ 'ಎ ಲೈಫ್ ಇನ್ ಟ್ರಾನ್ಸ್ ಆಕ್ಟಿವಿಸಂ' ಪುಸ್ತಕದಲ್ಲಿ ರೇವತಿ ಅಂಥವರ ಕಥೆಗಳಿಗೆ ಜಾಗ ಕೊಟ್ಟರು. ಹೆಸರು ಬಂದ ಮೇಲೆ ಮೈಕನ್ನು ಪಕ್ಕದವರಿಗೆ ದಾಟಿಸುವುದು ಎಲ್ಲರಿಗೂ ಬರುವ ಗುಣವಲ್ಲ.

ಹಾರ್ಲೆಮ್ ಮತ್ತು ಹೆಸರಘಟ್ಟ ರಸ್ತೆ

ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದ ಬಟ್ಲರ್ ಗ್ರಂಥಾಲಯದ ಹಣೆಯ ಮೇಲೆ ಹೋಮರ್, ಪ್ಲೇಟೋ, ಅರಿಸ್ಟಾಟಲ್ ಮೊದಲಾದವರ ಹೆಸರುಗಳನ್ನು ಕಲ್ಲಿನಲ್ಲಿ ಕೆತ್ತಿದ್ದಾರೆ. ಎಲ್ಲರೂ ಗಂಡಸರು. 2019ರಲ್ಲಿ ಅದರ ಮೇಲ್ಗಡೆ ಲೇಖಕಿಯರ ಹೆಸರುಗಳ ದೊಡ್ಡ ಬ್ಯಾನರ್ ಹರಡಿದರು. ಟೋನಿ ಮಾರಿಸನ್, ಮಾಯಾ ಏಂಜೆಲೋ, ಜೋರಾ ನೀಲ್ ಹರ್ಸ್ಟನ್ ಜೊತೆ ಅದರಲ್ಲಿ ಎ. ರೇವತಿ ಎಂದಿತ್ತು. ಅಂಬೇಡ್ಕರ್ ಓದಿದ ವಿಶ್ವವಿದ್ಯಾಲಯ ಅದು. ಅಮೆರಿಕದ ವರ್ಣದ್ವೇಷಕ್ಕೆ ಬರಹದಲ್ಲೇ ಎದೆಯೊಡ್ಡಿದ ಹೆಣ್ಣುಮಕ್ಕಳ ಪಕ್ಕದಲ್ಲಿ ಬೆಂಗಳೂರಿನ ಹಮಾಮಿನಲ್ಲಿ ಬಾಳಿದ ಹೆಣ್ಣಿನ ಹೆಸರು ಬಂದದ್ದು ಸರಿಯಾದ ಜಾಗವೇ.

ಈ ಮಾತು ಬಂದಾಗ ಜೇಮ್ಸ್ ಬಾಲ್ಡ್‌ವಿನ್ ಅವರನ್ನು ನೆನೆಯಬೇಕು. 1924ರಲ್ಲಿ ಹಾರ್ಲೆಮ್‌ನಲ್ಲಿ ಹುಟ್ಟಿದ ಕಪ್ಪು ಲೇಖಕ, ಗಂಡಸರನ್ನು ಪ್ರೀತಿಸಿದವರು. ವರ್ಣದ್ವೇಷದಲ್ಲಿ ಉಸಿರುಗಟ್ಟಿ 1948ರಲ್ಲಿ ಪ್ಯಾರಿಸ್‌ಗೆ ಹೋದರು. ಇಬ್ಬರು ಗಂಡಸರ ಪ್ರೇಮದ ಕಾದಂಬರಿ 'ಜೊವಾನೀಸ್ ರೂಮ್' ಬರೆದಾಗ ಅವರ ಮೊದಲ ಕಾದಂಬರಿಯನ್ನು ಅಚ್ಚು ಹಾಕಿದ್ದ ಪ್ರಕಾಶಕರೇ ಒಲ್ಲೆವೆಂದರು. ಅದು 1956ರಲ್ಲಿ ಬೇರೆ ಕಡೆ ಪ್ರಕಟವಾಯಿತು. ಬಿಳಿಯರ ದ್ವೇಷ ಒಂದು ಕಡೆಯಾದರೆ, 1968ರಲ್ಲಿ ಕಪ್ಪು ಹೋರಾಟದ ಎಲ್ಡ್ರಿಜ್ ಕ್ಲೀವರ್ ತಮ್ಮ ಪುಸ್ತಕದಲ್ಲಿ ಬಾಲ್ಡ್‌ವಿನ್ ಅವರ ಬಯಕೆಯನ್ನೇ ಹಿಡಿದು ಹೀಯಾಳಿಸಿದರು. 1963ರ ವಾಷಿಂಗ್ಟನ್ ಮೆರವಣಿಗೆಯನ್ನು ಕಟ್ಟಿ ನಿಲ್ಲಿಸಿದ ಬೇಯಾರ್ಡ್ ರಸ್ಟಿನ್ ಕೂಡ ಇದೇ ಕಾರಣಕ್ಕೆ ಹಿಂದೆ ಸರಿದು ನಿಲ್ಲಬೇಕಾಯಿತು. ಒಂದು ಪಟ್ಟಿಯಿಂದ ಏಟು ತಿಂದವರೇ ಇನ್ನೊಂದು ಪಟ್ಟಿ ಹಿಡಿದು ನಿಲ್ಲಬಲ್ಲರು. ಇದು ಅಮೆರಿಕದ ಮಾತಷ್ಟೇ ಅಲ್ಲ. ಕಾರ್ಮಿಕ ಸಂಘಗಳಲ್ಲಿ, ಕನ್ನಡ ಸಂಘಗಳಲ್ಲಿ, ಜಾತಿವಿರೋಧಿ ಸಂಘಟನೆಗಳಲ್ಲಿ ಇರುವ ನಾವೆಲ್ಲ ಇದನ್ನು ನಮಗೆ ಹೇಳಿಕೊಳ್ಳಬೇಕು.

ವರ್ಣದ್ವೇಷ ದೂರದ ಕಾಯಿಲೆ ಎನ್ನುವವರು 2016ರ ಜನವರಿ 31ರ ರಾತ್ರಿಯನ್ನು ನೆನಪಿಸಿಕೊಳ್ಳಲಿ. ಇಲ್ಲಿಗೆ ಹತ್ತಿರದ ಹೆಸರಘಟ್ಟ ರಸ್ತೆಯಲ್ಲಿ ಸುಡಾನ್ ದೇಶದ ವಿದ್ಯಾರ್ಥಿಯೊಬ್ಬನ ಕಾರು ಡಿಕ್ಕಿಯಾಗಿ ಒಬ್ಬ ಮಹಿಳೆ ತೀರಿಹೋದರು. ಅದಾದ ಸುಮಾರು ಅರ್ಧ ಗಂಟೆಗೆ ಅದೇ ದಾರಿಯಲ್ಲಿ ತಾಂಜಾನಿಯಾದ ವಿದ್ಯಾರ್ಥಿನಿಯೊಬ್ಬಳು ಸ್ನೇಹಿತರ ಜೊತೆ ಬಂದಳು. ಅಪಘಾತಕ್ಕೂ ಅವಳಿಗೂ ಸಂಬಂಧವೇ ಇಲ್ಲ. ದೇಶ ಬೇರೆ, ಭಾಷೆ ಬೇರೆ. ಗುಂಪು ನೋಡಿದ್ದು ಮೈಬಣ್ಣ. ಅವಳನ್ನು ಹೊಡೆದು, ಮೈಮೇಲಿನ ಬಟ್ಟೆ ಹರಿದು, ಕಾರಿಗೆ ಬೆಂಕಿ ಇಟ್ಟರು. ಆ ಗುಂಪಿನ ಕೈಯಲ್ಲಿ ಕಾಗದದ ಪಟ್ಟಿ ಇರಲಿಲ್ಲ, ತಲೆಯೊಳಗೆ ಇತ್ತು. ಒಬ್ಬ ಕಪ್ಪು ಮನುಷ್ಯ ಮಾಡಿದ್ದಕ್ಕೆ ಎಲ್ಲ ಕಪ್ಪು ಮನುಷ್ಯರೂ ಹೊಣೆ ಎನ್ನುವ ಲೆಕ್ಕವೂ, ಯಾವುದೋ ಊರಲ್ಲಿ ಮಗು ಕಾಣೆಯಾದರೆ ಬೀದಿಯಲ್ಲಿ ಹೋಗುವ ಹಿಜ್ರಾಳನ್ನು ಹಿಡಿದು ಬಡಿಯುವ ಲೆಕ್ಕವೂ ಒಂದೇ. 1871ರ ಕಾಯ್ದೆ ಬರೆದವರ ಲೆಕ್ಕವೂ ಅದೇ.

ಕನ್ನಡದ ಸಾಲು

ಕನ್ನಡದಲ್ಲಿಯೂ ಈ ಬಾಗಿಲು ತೆರೆದವರಿದ್ದಾರೆ. ಸಂಡೂರಿನ ವಸುಧೇಂದ್ರ ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಗಳಲ್ಲಿ ವರ್ಷಾನುಗಟ್ಟಲೆ ದುಡಿದವರು, ಹೆಸರು ಮಾಡಿದ ಕಥೆಗಾರರು, 'ಛಂದ ಪುಸ್ತಕ'ದ ಪ್ರಕಾಶಕರು. ಗಂಡಸನ್ನು ಪ್ರೀತಿಸುವ ಗಂಡಸಿನ ಕಥೆ ಬರೆದಾಗ ಅವರೂ ಮೊದಲು ಬೇರೆ ಹೆಸರಿನ ಮರೆಯಲ್ಲಿ ಪ್ರಕಟಿಸಬೇಕಾಯಿತು. 2013ರಲ್ಲಿ 'ಮೋಹನಸ್ವಾಮಿ' ಸಂಕಲನ ತಮ್ಮ ಹೆಸರಿನಲ್ಲೇ ಬಂತು. ಅದೇ ವರ್ಷ ಡಿಸೆಂಬರ್ 11ರಂದು ಸುಪ್ರೀಂ ಕೋರ್ಟು, ದೆಹಲಿ ಹೈಕೋರ್ಟು ಸಡಿಲಿಸಿದ್ದ 377ನೇ ಕಲಮನ್ನು ಮತ್ತೆ ಊರ್ಜಿತಗೊಳಿಸಿತು. ಕಾನೂನು ಅಪರಾಧವೆಂದದ್ದನ್ನು ಕನ್ನಡದ ಓದುಗರು ಕಥೆಯಾಗಿ ಓದಿ, ಆ ನಾಯಕನ ಒಂಟಿತನಕ್ಕೆ ಮರುಗಿದರು. ಕೋರ್ಟು ತನ್ನ ತಪ್ಪನ್ನು ತಿದ್ದಿಕೊಂಡದ್ದು 2018ರ ಸೆಪ್ಟೆಂಬರ್ 6ಕ್ಕೆ.

ಬಳ್ಳಾರಿ ಸೀಮೆಯಲ್ಲೇ ಹುಟ್ಟಿದ ಟ್ರಾನ್ಸ್ ಮಹಿಳೆ ಮಂಜಮ್ಮ ಜೋಗತಿಯವರ ದಾರಿ ಬೇರೆ. ಮನೆಯಿಂದ ಹೊರಬಿದ್ದು, ಜೋಗತಿ ಕುಣಿತ ಕಲಿತು, 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು. 2021ರಲ್ಲಿ ಪದ್ಮಶ್ರೀ ಬಂತು. ಅವರ ಆತ್ಮಕಥನ 'ನಡುವೆ ಸುಳಿವ ಹೆಣ್ಣು' ಅರುಣ್ ಜೋಳದಕೂಡ್ಲಿಗಿಯವರ ನಿರೂಪಣೆಯಲ್ಲಿ ಬಂದಿದೆ.

ಈ ಮೂವರು ತೆತ್ತ ಬೆಲೆ ಒಂದೇ ಅಲ್ಲ. ಮೇಲುಜಾತಿ, ಇಂಜಿನಿಯರ್ ಪದವಿ, ಸ್ವಂತ ಮನೆ ಇದ್ದವರಿಗೂ ಬಾಯಿ ಬಿಡಲು ನಡುವಯಸ್ಸು ಬರಬೇಕಾಯಿತು ಎಂದರೆ, ಏನೂ ಇಲ್ಲದ ರೇವತಿ ತಮ್ಮ ಹೆಸರು, ಊರು, ವೃತ್ತಿ ಎಲ್ಲವನ್ನೂ ಇಟ್ಟು ಬರೆದದ್ದು ಎಂಥ ಧೈರ್ಯ ಎಂದು ಊಹಿಸಿ. ನಾಚಿಕೆ ಎಲ್ಲರಿಗೂ ಸಮ. ಏಟು ಮಾತ್ರ ಬಡವರ ಮೈಮೇಲೆ ಹೆಚ್ಚು ಬೀಳುತ್ತದೆ.

ಪೀಣ್ಯದ ಪಾಲು

ಕೊನೆಯದಾಗಿ, ಇದೆಲ್ಲ ನಮ್ಮ ಕೈಗಾರಿಕಾ ಪ್ರದೇಶಕ್ಕೆ ಏನನ್ನು ಹೇಳುತ್ತದೆ? ಗೊರಗುಂಟೆಪಾಳ್ಯದ ಸಿಗ್ನಲ್ಲಿನಲ್ಲಿ ಬಸ್ಸಿನ ಕಿಟಕಿಗೆ ಚಪ್ಪಾಳೆ ತಟ್ಟಿ ಕೈಯೊಡ್ಡುವವರನ್ನು ನಾವು ದಿನವೂ ನೋಡುತ್ತೇವೆ. ದುಡಿದು ತಿನ್ನಬಾರದೇ ಎಂದು ಬೈದುಕೊಳ್ಳುತ್ತೇವೆ. ರೇವತಿಯವರ ಪುಸ್ತಕ ಓದಿದವರು ಹಾಗೆ ಬೈಯಲಾರರು. ದುಡಿಯಲು ಬಂದವರನ್ನು ಯಾವ ಗೇಟು ಒಳಗೆ ಬಿಟ್ಟಿದೆ ಎಂದು ಕೇಳುತ್ತಾರೆ. ಗಾರ್ಮೆಂಟ್ಸ್‌ನಲ್ಲಿ ಹೆಲ್ಪರ್ ಬೇಕು, ಪ್ಯಾಕಿಂಗ್‌ಗೆ ಜನ ಬೇಕು ಎಂದು ಬೋರ್ಡು ತೂಗುಹಾಕಿರುತ್ತಾರೆ. ಆಧಾರ್ ಕಾರ್ಡಿನಲ್ಲಿ ಒಂದು ಹೆಸರು, ಎದುರಿಗೆ ನಿಂತವರು ಹೇಳುವುದು ಇನ್ನೊಂದು ಹೆಸರು. ಅಲ್ಲಿಗೆ ಇಂಟರ್‌ವ್ಯೂ ಮುಗಿಯುತ್ತದೆ. ಒಳಗೆ ಸೇರಿಕೊಂಡರೂ ಯಾವ ಶೌಚಾಲಯ, ಯಾವ ಸಾಲಿನಲ್ಲಿ ಊಟ, ಶಿಫ್ಟ್ ಬಸ್ಸಿನಲ್ಲಿ ಪಕ್ಕದ ಸೀಟಿಗೆ ಯಾರು ಎಂಬ ಪ್ರಶ್ನೆಗಳು. ತಿಂಗಳು ತುಂಬುವ ಮೊದಲೇ ಕೆಲಸ ಬಿಡುವ ಹಾಗಾಗುತ್ತದೆ.

ಕಾನೂನು ಒಂದಿಷ್ಟು ದಾರಿ ಮಾಡಿದೆ. 2014ರ ಏಪ್ರಿಲ್ 15ರಂದು ಸುಪ್ರೀಂ ಕೋರ್ಟು, ತಾನು ಯಾರೆಂದು ಹೇಳುವ ಹಕ್ಕು ಆಯಾ ವ್ಯಕ್ತಿಯದು ಎಂದಿತು. ಸಂಗಮ ಸಂಸ್ಥೆ ಹೈಕೋರ್ಟಿಗೆ ಹೋದದ್ದರ ಫಲವಾಗಿ 2021ರಲ್ಲಿ ಕರ್ನಾಟಕವು ಸರ್ಕಾರಿ ನೇಮಕಾತಿಯಲ್ಲಿ ಎಲ್ಲ ವರ್ಗಗಳ ಒಳಗೂ ಟ್ರಾನ್ಸ್ ಜನರಿಗೆ ಶೇ. 1 ಮೀಸಲಾತಿ ಕೊಟ್ಟಿತು. ಜಾತಿಯ ಮೀಸಲಾತಿಯೊಳಗೇ ಈ ಪಾಲು ಇರುವುದರಿಂದ ದಲಿತ ಹಿಜ್ರಾಳ ಎರಡೂ ನೋವಿಗೆ ಲೆಕ್ಕ ಸಿಕ್ಕಿತು. ಇಂಥದ್ದು ಮಾಡಿದ ಮೊದಲ ರಾಜ್ಯ ನಮ್ಮದು. ಆದರೆ ಪೀಣ್ಯದ ಶೆಡ್ಡುಗಳಿಗೆ ಆ ಮೀಸಲಾತಿ ಅನ್ವಯಿಸುವುದಿಲ್ಲ. ಇಲ್ಲಿಗೆ ಅನ್ವಯಿಸುವುದು ಟ್ರಾನ್ಸ್ ವ್ಯಕ್ತಿಗಳ ಹಕ್ಕು ರಕ್ಷಣೆಯ 2019ರ ಕೇಂದ್ರ ಕಾಯ್ದೆ. ಆ ಕಾಯ್ದೆಯಲ್ಲಿ ಕೊರತೆಗಳಿವೆ: ಟ್ರಾನ್ಸ್ ವ್ಯಕ್ತಿಯ ಮೇಲಿನ ಲೈಂಗಿಕ ದೌರ್ಜನ್ಯಕ್ಕೆ ಅದು ಇಟ್ಟ ಗರಿಷ್ಠ ಶಿಕ್ಷೆ ಎರಡೇ ವರ್ಷ, ಇದು ಅನ್ಯಾಯ. ಆದರೂ ನೇಮಕಾತಿ, ಬಡ್ತಿಯಲ್ಲಿ ಯಾವ ಸಂಸ್ಥೆಯೂ ತಾರತಮ್ಯ ಮಾಡಕೂಡದು, ಪ್ರತಿ ಸಂಸ್ಥೆಯೂ ಒಬ್ಬ ದೂರು ಅಧಿಕಾರಿಯನ್ನು ನೇಮಿಸಬೇಕು ಎಂದು ಅದರಲ್ಲಿದೆ. ಸಮಾನ ಅವಕಾಶದ ನೀತಿಯನ್ನು ಸಂಸ್ಥೆಗಳು ಪ್ರಕಟಿಸಬೇಕೆಂದು 2020ರ ನಿಯಮಗಳು ಹೇಳುತ್ತವೆ.

ಆದ್ದರಿಂದ ಈ ದತ್ತಿಯ ವೇದಿಕೆಯಿಂದ ಮೂರು ಕೆಲಸ ಕೇಳುತ್ತೇನೆ. ಕಾರ್ಖಾನೆ ನಡೆಸುವವರು ನೋಟಿಸ್ ಬೋರ್ಡಿನಲ್ಲಿ ಆ ನೀತಿಯನ್ನು ಕನ್ನಡದಲ್ಲಿ ಹಾಕಲಿ, ದೂರು ಅಧಿಕಾರಿಯ ಹೆಸರನ್ನೂ ಹಾಕಲಿ. ಕಾರ್ಮಿಕ ಸಂಘದವರು ಬೋನಸ್ಸು, ಓಟಿ ಜೊತೆಗೆ ಇದನ್ನೂ ಬೇಡಿಕೆ ಪಟ್ಟಿಗೆ ಸೇರಿಸಲಿ. ಮನುಷ್ಯರನ್ನು ಹೊರಗಿಡುವ ಪಟ್ಟಿಗಳನ್ನು ಸಾಕಷ್ಟು ನೋಡಿದ್ದೇವೆ, ಒಳಗೆ ಕರೆಯುವ ಪಟ್ಟಿಯೊಂದು ನಮ್ಮಿಂದ ಆಗಲಿ. ಇನ್ನು ಕನ್ನಡ ಸಂಘದವರು ಮುಂದಿನ ರಾಜ್ಯೋತ್ಸವಕ್ಕೆ 'ಬದುಕು ಬಯಲು' ನಾಟಕವನ್ನು ಇಲ್ಲಿಗೆ ಕರೆಸಿ, ಪುಸ್ತಕವನ್ನು ನಮ್ಮ ವಾಚನಾಲಯದಲ್ಲಿ ಇಡಲಿ. ಟ್ರಾನ್ಸ್ ಜನರನ್ನು ಅತಿಥಿಗಳೆಂದು ಕರೆದು ಶಾಲು ಹೊದಿಸಿ ಕಳಿಸಿದರೆ ಸಾಲದು. ಸಂಘದ ಸದಸ್ಯರಾಗಿ ಬರಲಿ, ಚಂದಾ ಕೊಡಲಿ, ಕಾರ್ಯಕಾರಿ ಸಮಿತಿಗೆ ನಿಲ್ಲಲಿ.

ಸಾಹಿತ್ಯದಿಂದ ಏನಾಗುತ್ತದೆ ಎಂದು ಕೇಳುವವರಿಗೆ ರೇವತಿಯವರ ಬದುಕೇ ಉತ್ತರ. ಅವರ ಪುಸ್ತಕ ಬಂದ ಮೇಲೆ ಹಿಜ್ರಾ ಜನರ ಬಗ್ಗೆ ಅವರನ್ನು ಕೇಳದೆ ಮಾತಾಡುವುದು ಯಾರಿಗೂ ಸಾಧ್ಯವಾಗಬಾರದು. ಹಾಗೆ ಮಾತಾಡುವವರು ಇನ್ನೂ ಇದ್ದಾರೆ; ಅವರನ್ನು ತಡೆದು, ಮೊದಲು ಈ ಪುಸ್ತಕ ಓದಿ ಎಂದು ಹೇಳುವ ಹೊಣೆ ಓದಿದವರದು. ಲೇಖಕಿ ತನ್ನ ಮೈಮೇಲಿನ ಗಾಯಗಳನ್ನೇ ಸಾಕ್ಷಿಯಾಗಿ ಕೊಟ್ಟಿದ್ದಾರೆ. ಆ ಸಾಕ್ಷಿಯನ್ನು ನಂಬುವುದು, ನಂಬಿದ ಮೇಲೆ ನಮ್ಮ ನಮ್ಮ ಕೆಲಸದ ಜಾಗದಲ್ಲಿ ಅದಕ್ಕೆ ತಕ್ಕಂತೆ ನಡೆದುಕೊಳ್ಳುವುದು ನಮ್ಮ ಪಾಲಿನ ಕೆಲಸ. ಅದನ್ನು ಪೀಣ್ಯ ಮಾಡಬಲ್ಲದು ಎಂದು ನಾನು ನಂಬಿದ್ದೇನೆ.